ಗ್ಲ್ಯಾಂಡ್ ದಾರ, ಖಡಕ್ ರೊಟ್ಟಿ ಮತ್ತು ಮಗನ ಹಾಯಿದೋಣಿ

ಮಗನ ಫೋನ್ ಬಂದಾಗ ನಾನು ಒಂದು ಕಿರ್ಲೋಸ್ಕರ್ ಇಂಜಿನ್ನಿನ ಹೆಡ್ ಬಿಚ್ಚಿಕೊಂಡು ಕೂತಿದ್ದೆ. ಕೈ ತುಂಬಾ ಗ್ರೀಸು. ಸ್ಪೀಕರ್ ಹಾಕು ಅಂತ ಅಂಗಡಿ ಹುಡುಗನಿಗೆ ಹೇಳಿದೆ. ಹಾಗಾಗಿ ಆ ಸುದ್ದಿ ನನಗೆ, ಹುಡುಗನಿಗೆ, ಪಂಪ್‌ಸೆಟ್ ತಂದಿದ್ದ ಕಾರಟಗಿ ಕಡೆಯ ಇಬ್ಬರು ರೈತರಿಗೆ ಒಟ್ಟಿಗೇ ಗೊತ್ತಾಯಿತು.

"ಅಪ್ಪಾ, ನಾವು ಮನಿ ಬಿಟ್ಟು ದೋಣ್ಯಾಗ ಇರಬೇಕಂತ ಮಾಡೀವಿ."

ರೈತರಲ್ಲಿ ಹಿರಿಯರು ನನ್ನ ಮುಖ ನೋಡಿದರು. "ಯಾಕ್ರೀ, ಸಾಲ ಭಾಳ ಆಗೇತೇನು ಹುಡುಗಂಗ?" ಅಂದರು.

ಸಾಲ ಏನಿಲ್ಲ. ಮಗ, ಸೊಸೆ ಇಬ್ಬರೂ ಅಮೆರಿಕದ ಮೇರಿಲ್ಯಾಂಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. 36 ಅಡಿಯ ಒಂದು ಹಳೇ ಹಾಯಿದೋಣಿ ಕೊಂಡಿದ್ದಾರೆ. ಇನ್ನೆರಡು ವರ್ಷಕ್ಕೆ ಬಾಡಿಗೆ ಮನೆ ಬಿಟ್ಟು ಅದರಲ್ಲೇ ಇರುವುದು, ಕರಾವಳಿ ಹಿಡಿದು ಫ್ಲೋರಿಡಾಕ್ಕೆ, ಅಲ್ಲಿಂದ ಬಹಾಮಾಸ್ ದ್ವೀಪಗಳಿಗೆ ಹೋಗುವುದು ಅಂತ ಯೋಚನೆ. ಇದಕ್ಕೆ ಕ್ರೂಸಿಂಗ್ ಅಂತಾರಂತೆ. ಸ್ವಿಮ್ಮಿಂಗ್ ಪೂಲ್ ಇರೋ ದೊಡ್ಡ ಹಡಗಿನ ಟೂರ್ ಅಲ್ಲ. ದೋಣಿಯೇ ಮನೆ. ಬೇಕಾದ ಕಡೆ ಲಂಗರು ಹಾಕಿ ನಾಲ್ಕು ದಿನ ಇರೋದು, ಆಮೇಲೆ ಮುಂದಕ್ಕೆ ಹೋಗೋದು. ನಮ್ಮ ಕಡೆ ಕುರಿಗಾರರು ಹಿಂಡು ಹೊಡೆದುಕೊಂಡು ಹೋಗಿ ಹೊಲದಲ್ಲಿ ಹಟ್ಟಿ ಹಾಕ್ತಾರಲ್ಲ, ಹಾಗೆ.

ಅಕ್ಟೋಬರಿನಲ್ಲಿ ಅನಾಪೊಲಿಸ್ ಊರಲ್ಲಿ ಹಾಯಿದೋಣಿಗಳ ದೊಡ್ಡ ಶೋ ನಡೆಯುತ್ತದೆ, ಅದರ ಜೊತೆಗೆ ಕ್ಲಾಸುಗಳೂ ಇರುತ್ತವೆ, ನೀನೂ ಅವ್ವನೂ ಬರ್ರಿ ಅಂದ. ನಾನು ಕೂಡಲೇ ಒಪ್ಪಿದೆ. ಮನಸ್ಸಿನಲ್ಲಿ ಬೇರೆ ಲೆಕ್ಕ ಇತ್ತು. ಬಿರುಗಾಳಿ, ಬೆಂಕಿ, ಮುಳುಗೋದು, ಎಲ್ಲಾ ಆ ಮೇಷ್ಟ್ರುಗಳ ಬಾಯಿಂದಲೇ ಬರಲಿ. ನಾನು ಪಕ್ಕದಲ್ಲಿ ಕೂತು ನಡುನಡುವೆ ಒಂದೆರಡು ಪ್ರಶ್ನೆ ಕೇಳಿದರೆ ಸಾಕು, ಹುಡುಗ ತಾನೇ ತಣ್ಣಗಾಗುತ್ತಾನೆ ಅಂದುಕೊಂಡೆ.

ಅನಾಪೊಲಿಸ್ ಮೇರಿಲ್ಯಾಂಡಿನ ರಾಜಧಾನಿ. ಚೆಸಪೀಕ್ ಕೊಲ್ಲಿಯ ದಂಡೆಯ ಸಣ್ಣ ಊರು. ಅಮೆರಿಕದ ನೌಕಾಪಡೆಯ ಅಕಾಡೆಮಿ ಅಲ್ಲೇ ಇದೆ. 1970ರಿಂದ ಈ ಶೋ ನಡೆಯುತ್ತಾ ಬಂದಿದೆ. ದೋಣಿಗಳನ್ನು ನೀರಿನಲ್ಲೇ ಸಾಲಾಗಿ ನಿಲ್ಲಿಸಿ, ನಡುವೆ ತೇಲುವ ಹಲಗೆಯ ದಾರಿ ಮಾಡಿರುತ್ತಾರೆ. ನನಗೆ ಹಿಡಿಸಿದ್ದು ಒಂದು ಪದ್ಧತಿ. ಯಾವ ದೋಣಿ ಹತ್ತಬೇಕಾದರೂ ಚಪ್ಪಲಿ, ಬೂಟು ಕೆಳಗೇ ಬಿಡಬೇಕು! ಅಂಜನಾದ್ರಿ ಬೆಟ್ಟದ ಬುಡದಲ್ಲಿ ಬಿಟ್ಟ ಹಾಗೆ ಒಂದೊಂದು ದೋಣಿಯ ಮುಂದೂ ಬೂಟುಗಳ ರಾಶಿ. ನಮ್ಮಾಕೆಗೆ ಅಲ್ಲೇ ಅರ್ಧ ಸಮಾಧಾನ ಆಯಿತು. ನನ್ನ ಕಾಲುಚೀಲದ ಹೆಬ್ಬೆರಳಿನ ತೂತು ಮಾತ್ರ ನಾಲ್ಕು ದೇಶದವರು ನೋಡಿದರು.

ಕ್ಲಾಸಿನಲ್ಲಿ ಹುಡುಗರು ಇರ್ತಾರೆ ಅಂದುಕೊಂಡಿದ್ದೆ. ಬಹಳಷ್ಟು ಜನ ತಲೆ ನೆರೆತ ಗಂಡ ಹೆಂಡಿರು. ನನ್ನ ಪಕ್ಕ ಕೂತವರು ರಿಟೈರ್ ಆದ ಹಲ್ಲಿನ ಡಾಕ್ಟರು. ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು, ಶಾಲೆಗೆ ಬಂದ ಹಾಗೆ ಬಂದಿದ್ದರು.

ಮೊದಲು ಡೀಸೆಲ್ ಇಂಜಿನ್ ಕ್ಲಾಸು. ನನಗೆ ಒಳಗೊಳಗೇ ನಗು. ಗಂಗಾವತಿಯಲ್ಲಿ ನಲವತ್ತು ವರ್ಷದಿಂದ ಇದೇ ಕೆಲಸ, ನನಗೇನು ಹೇಳ್ತಾರೆ ಇವರು? ಟೇಬಲ್ಲಿನ ಮೇಲೆ ಮೂರು ಸಿಲಿಂಡರಿನ ಪುಟ್ಟ ಯಾನ್ಮಾರ್ ಇಂಜಿನ್ ಇಟ್ಟಿದ್ದರು. ಮಗನ ದೋಣಿಯಲ್ಲಿರೋದೂ ಅದೇ ಜಾತಿ. ಒಳ್ಳೆ ಎಣ್ಣೆ, ಗಾಳಿ, ಕಂಪ್ರೆಷನ್, ಈ ಮೂರಿದ್ದರೆ ಡೀಸೆಲ್ ಇಂಜಿನ್ ಓಡಲೇಬೇಕು ಅಂತ ಮೇಷ್ಟ್ರು ಶುರು ಮಾಡಿದರು. ಸರಿ. ಪೈಪಿನಲ್ಲಿ ಏರ್ ಹಿಡಿದರೆ ಹೇಗೆ ತೆಗೀತೀರಿ, ಯಾರಾದರೂ ಬರ್ತೀರಾ ಅಂದರು. ಮಗ ನನ್ನ ಮೊಣಕೈ ತಿವಿದ. ಎದ್ದು ಹೋದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತಿದೆ. ಗುಳ್ಳೆ ಗುಳ್ಳೆಯಾಗಿ ಎಣ್ಣೆ ಬಂತು. ಗುಳ್ಳೆ ನಿಂತು ಗಟ್ಟಿ ಧಾರೆ ಬಂದ ಮೇಲೆ ಬಿಗಿ ಮಾಡಿದೆ. ಎರಡು ನಿಮಿಷದ ಕೆಲಸ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮೂರಲ್ಲಿ ಈ ಕೆಲಸಕ್ಕೆ ಚಹಾ ಕೂಡ ಕುಡಿಸೋದಿಲ್ಲ.

ಆ ಜಂಬ ಒಂದು ಗಂಟೆ ಉಳಿಯಲಿಲ್ಲ. ಮುಂದಿನ ಪಾಠ ಇಂಜಿನ್ ತಣ್ಣಗಿಡುವುದು.

ನಮ್ಮ ಪಂಪ್‌ಸೆಟ್ಟಿನಲ್ಲಿ ಏನು ಮಾಡ್ತೀವಿ? ಪಂಪ್ ಎತ್ತುವ ನೀರಿನಲ್ಲೇ ಒಂದು ಸಣ್ಣ ಪೈಪ್ ತೆಗೆದು ಇಂಜಿನ್ನಿಗೆ ಸುತ್ತಿಸಿ ವಾಪಸ್ ಕಾಲುವೆಗೆ ಬಿಡ್ತೀವಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಸಿಹಿ, ಇಂಜಿನ್ನಿಗೆ ಏನೂ ಆಗೋದಿಲ್ಲ. ಸಮುದ್ರದ ನೀರನ್ನು ಹಾಗೆ ಬಿಟ್ಟರೆ ಉಪ್ಪು ಕಬ್ಬಿಣವನ್ನು ತಿಂದು ಹಾಕುತ್ತದೆ. ಅದಕ್ಕೆ ಅಲ್ಲಿ ಎರಡು ನೀರು. ಒಳಗೆ ಸಿಹಿನೀರು ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಹೊರಗಿನಿಂದ ಉಪ್ಪುನೀರು ಬಂದು, ಹೀಟ್ ಎಕ್ಸ್‌ಚೇಂಜರ್ ಅನ್ನೋ ಡಬ್ಬಿಯ ಸಣ್ಣ ಕೊಳವೆಗಳಲ್ಲಿ ಹಾದು, ಆ ಸಿಹಿನೀರಿನ ಶಾಖ ಎಳೆದುಕೊಂಡು, ಹೊಗೆಯ ಜೊತೆ ಹಿಂದಿನಿಂದ ಹೊರಗೆ ಬೀಳುತ್ತದೆ. ಉಪ್ಪುನೀರು ಎಳೆಯೋದು ಒಂದು ರಬ್ಬರ್ ಚಕ್ರ. ಇಂಪೆಲ್ಲರ್. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಸುತ್ತ ಆರು ರೆಕ್ಕೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೆ ಸುಟ್ಟು ಹರಿದು ಹೋಗುತ್ತದೆ. ಇಂಜಿನ್ ಚಾಲೂ ಮಾಡಿದ ಕೂಡಲೇ ದೋಣಿಯ ಹಿಂದೆ ಬಗ್ಗಿ ನೋಡಿ, ಹೊಗೆ ಜೊತೆ ನೀರು ಉಗುಳುತ್ತಿದೆಯಾ? ಇಲ್ಲದಿದ್ದರೆ ಆಗಲೇ ಬಂದ್ ಮಾಡಿ ಅಂತ ಮೇಷ್ಟ್ರು ಮೂರು ಸಲ ಹೇಳಿದರು.

ಆಮೇಲೆ ಸತುವಿನ ಕಡ್ಡಿ ತೋರಿಸಿದರು. ಪೆನ್ಸಿಲಿನಷ್ಟು ದಪ್ಪ. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಸೇರಿದರೆ ಅದು ಬ್ಯಾಟರಿ ಇದ್ದಂತೆ, ಒಂದು ಲೋಹ ಸವೆಯುತ್ತಾ ಹೋಗುತ್ತದೆ. ಸತು ಇದ್ದರೆ ಮೊದಲು ಅದೇ ಸವೆಯುತ್ತದೆ, ತಾಮ್ರ ಹಿತ್ತಾಳೆ ಉಳಿಯುತ್ತವೆ. ಹಳೇ ಕಡ್ಡಿಯೊಂದನ್ನು ಕೈಯಿಂದ ಕೈಗೆ ಕೊಟ್ಟರು. ಇಲಿ ಕಡಿದ ಬೆಲ್ಲದ ಹಾಗೆ ಇತ್ತು. ತಿನ್ನಿಸಲಿಕ್ಕೇ ಅಂತ ಒಂದು ಪಾರ್ಟ್ ಕೂಡಿಸೋದನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಪೆನ್ನು ಇಸಿದುಕೊಂಡು ಬರೆದುಕೊಂಡೆ. ಅವತ್ತಿನಿಂದ ನಾನೂ ನೋಟ್‌ಬುಕ್ಕಿನವನೇ.

ಕೊನೆಗೆ, ನಾನು ಕಾದುಕೊಂಡಿದ್ದ ಪ್ರಶ್ನೆ ಕೇಳಿದೆ. ದೋಣಿಯನ್ನು ಮುಂದಕ್ಕೆ ತಳ್ಳುವ ನೀರೊಳಗಿನ ಫ್ಯಾನ್ ತಿರುಗಿಸುವ ರಾಡು ದೋಣಿಯ ತಳದಲ್ಲಿ ತೂತು ಮಾಡಿಕೊಂಡು ಹೊರಗೆ ಹೋಗುತ್ತದಲ್ಲ, ಆ ತೂತಿನಿಂದ ನೀರು ಒಳಗೆ ಬರೋದಿಲ್ಲವಾ? ಮಗ ಹೆದರಲಿ ಅಂತಲೇ ಕೇಳಿದ್ದು. ಮೇಷ್ಟ್ರು ಒಂದು ಹಿತ್ತಾಳೆಯ ನಟ್ ಬಿಚ್ಚಿ ಒಳಗಿಂದ ಎಳೆದು ತೆಗೆದರು. ನೋಡಿದರೆ ಗ್ಲ್ಯಾಂಡ್ ದಾರ! ನಮ್ಮ ಪಂಪಿನ ರಾಡಿನ ಸಂದಿನಲ್ಲಿ, ಅಂದರೆ ಗ್ಲ್ಯಾಂಡಿನಲ್ಲಿ, ನೀರು ಸೋರದ ಹಾಗೆ ಸುತ್ತುತ್ತೀವಲ್ಲ, ಅದೇ ಚೌಕ ಹುರಿ. ರಾಡು ತಿರುಗುವಾಗ ಹನಿ ಹನಿ ನೀರು ಬೀಳುತ್ತಿರಬೇಕು, ಪೂರಾ ಬಿಗಿ ಮಾಡಿದರೆ ಬಿಸಿಯಾಗಿ ರಾಡು ಸವೆಯುತ್ತದೆ ಅಂದರು. "ಹನಿ ಬೀಳಬೇಕ್ರಿ, ಹಲ್ಲು ಕಚ್ಚಿ ಬಿಗಿ ಮಾಡಬ್ಯಾಡ್ರಿ" ಅಂತ ನಾನು ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಹೆದರಿಸಲು ಹೋದವನು ಅಲ್ಲೇ ಸೋತೆ.

ಕರೆಂಟಿನ ಕ್ಲಾಸು ನನಗೆ ಸೇರಲಿಲ್ಲ. ಪಾಠಕ್ಕಿಂತ ಬ್ಯಾಟರಿ ಮಾರಾಟ ಜಾಸ್ತಿ. ಒಂದು ಲೆಕ್ಕ ಮಾತ್ರ ಚೆನ್ನಾಗಿತ್ತು. ಫ್ರಿಜ್ 5 ಆಂಪಿಯರ್ ಎಳೆಯುತ್ತದೆ, ದಿನದಲ್ಲಿ ಅರ್ಧ ಹೊತ್ತು ಓಡುತ್ತದೆ, ಅಂದರೆ ದಿನಕ್ಕೆ 60 ಆಂಪಿಯರ್ ಅವರ್ ಅದೊಂದಕ್ಕೇ. ಮಾಮೂಲಿ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳು. ಹಾಗಾಗಿ ಮೊದಲು ಖರ್ಚು ಬರೆದುಕೋ, ಆಮೇಲೆ ಬ್ಯಾಟರಿ, ಸೋಲಾರ್ ಕೊಳ್ಳು. ತ್ರೀಫೇಸ್ ಏಳು ತಾಸು ಕೊಟ್ಟರೆ ಅದರಲ್ಲೇ ಗದ್ದೆಗೆ ನೀರು ಹಾಯಿಸೋ ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹವಾಮಾನದ ಪಾಠ ಮಾಡಿದವರು ಒಬ್ಬ ಹೆಣ್ಣುಮಗಳು. ಗಟ್ಟಿ ದನಿ. ಆ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ದಕ್ಷಿಣಕ್ಕೆ ಹೋಗುವವರು ಅದು ಇಳಿಯುವುದನ್ನು ಕಾಯುತ್ತಾರೆ. ಫ್ಲೋರಿಡಾಕ್ಕೂ ಬಹಾಮಾಸ್‌ಗೂ ನಡುವೆ ಗಲ್ಫ್ ಸ್ಟ್ರೀಮ್ ಅನ್ನೋ ಪ್ರವಾಹ, ಸಮುದ್ರದೊಳಗೇ ಒಂದು ಹೊಳೆ, ಉತ್ತರಕ್ಕೆ ಹರಿಯುತ್ತದೆ. ಅದಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಮಯಾಮಿಯಿಂದ ಬಿಮಿನಿ ದ್ವೀಪಕ್ಕೆ ಬರೀ 80 ಕಿಲೋಮೀಟರ್. ಹಾಯಿದೋಣಿಯ ವೇಗ ಗಂಟೆಗೆ ಒಂಬತ್ತು ಹತ್ತು ಕಿಲೋಮೀಟರ್, ಭತ್ತ ಹೇರಿದ ಟ್ರ್ಯಾಕ್ಟರಿಗಿಂತ ನಿಧಾನ. ಆ ಒಂದು ಹಗಲಿಗಾಗಿ ಎರಡು ವಾರ ಕಾಯುವವರೂ ಇದ್ದಾರಂತೆ. ಇಂಥ ದಿನ ಇಂಥ ಊರಿಗೆ ಬರ್ತೀವಿ ಅಂತ ಯಾರಿಗೂ ಮಾತು ಕೊಡಬೇಡಿ ಅಂದರು ಆಕೆ. ನಾನು ಮಗನ ಮುಖ ನೋಡಿದೆ, ಹೆದರಿದನಾ ಅಂತ. ಅವನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ.

ಇನ್ನು ಲಂಗರು. ನೀರು 15 ಅಡಿ ಆಳ, ದೋಣಿಯ ಮೂತಿ ನೀರಿನಿಂದ 5 ಅಡಿ ಮೇಲೆ, ಭರತ ಬಂದರೆ ಇನ್ನೂ 2 ಅಡಿ. ಒಟ್ಟು 22. ಹಗ್ಗ ಇದರ ಏಳು ಪಟ್ಟು ಬಿಡಬೇಕು, 154 ಅಡಿ. ಪೂರಾ ಸರಪಳಿ ಇದ್ದರೆ ಐದು ಪಟ್ಟು ಸಾಕಾಗುತ್ತದೆ. ಯಾಕೆ ಇಷ್ಟುದ್ದ ಅಂತ ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ಚಿತ್ರ ನೋಡಿದ ಕೂಡಲೇ ತಿಳಿಯಿತು. ಅದು ನೇಗಿಲು! 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆಫ್ರಿ ಟೇಲರ್ ಮಾಡಿದ ಲಂಗರಂತೆ, ನೇಗಿಲಿನ ಆಕಾರದ್ದೇ. ಎತ್ತು ತಗ್ಗಿನಲ್ಲಿ ನೆಲಕ್ಕೆ ಸಮನಾಗಿ ಎಳೆದರೆ ಕುಳ ಮಣ್ಣಿನೊಳಗೆ ಇಳಿಯುತ್ತದೆ. ಈಸು ಮೇಲಕ್ಕೆತ್ತಿದರೆ ಕುಳ ಕಿತ್ತು ಬರುತ್ತದೆ. ಹಗ್ಗ ಉದ್ದ ಬಿಟ್ಟರೆ ಎಳೆತ ನೆಲದ ಮಟ್ಟಕ್ಕೆ ಬರುತ್ತದೆ, ಅಷ್ಟೇ ಕಥೆ. ಡಾಕ್ಟರಿಗೆ ಪೆನ್ನು ಬಗ್ಗಿಸಿ ತೋರಿಸಿದೆ.

ಆಮೇಲೆ ಸರಪಳಿಯ ಒಂದು ತುಂಡು ಕೊಟ್ಟು ಕೊಂಡಿ ಕೊಂಡಿಯಾಗಿ ಬೆರಳಾಡಿಸಿ ನೋಡಿ ಅಂದರು. ಎಲ್ಲರೂ ನಗುತ್ತಾ ಮುಟ್ಟಿ ದಾಟಿಸಿದರು. ನನಗೆ ನಗು ಬರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟು ಕೊಚ್ಚಿಹೋದಾಗ ನಮ್ಮ ಗಂಗಾವತಿಯಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ. ತುಂಬಿದ ಡ್ಯಾಮು. ಹರಿಯುವ ನೀರಿಗೇ ತಡೆಹಲಗೆ ಇಳಿಸಿ ನಿಲ್ಲಿಸೋಕೆ ಒಂದು ವಾರ ಹಿಡಿಯಿತು. ಇದನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಸರಪಳಿ ಇನ್ನೊಂದು ಸುತ್ತು ಬಂತು. ಈ ಸಲ ಎಲ್ಲರೂ ನಿಧಾನಕ್ಕೆ ನೋಡಿದರು.

ನಮ್ಮಾಕೆಯ ಕಥೆ ಬೇರೆಯೇ. ಅವಳೂ ಸೊಸೆಯೂ ಅಡುಗೆ, ದಿನಸಿಯ ಕ್ಲಾಸಿಗೆ ಹೋಗಿದ್ದರು. ರಟ್ಟಿನ ಡಬ್ಬಿ ದೋಣಿಯೊಳಗೆ ತರಬೇಡಿ, ಅದರ ಪದರಿನಲ್ಲಿ ಜಿರಳೆ ಮೊಟ್ಟೆ ಇರುತ್ತವೆ ಅಂದರಂತೆ. ಪ್ರೆಷರ್ ಕುಕ್ಕರನ್ನು ದೊಡ್ಡ ಸಂಶೋಧನೆ ಅನ್ನೋ ಹಾಗೆ ಎತ್ತಿ ತೋರಿಸಿದರಂತೆ. ಟ್ಯಾಂಕಿನಲ್ಲಿ 100 ಗ್ಯಾಲನ್ ನೀರು, ಅಂದರೆ 378 ಲೀಟರ್, ಇಬ್ಬರಿಗೆ ಮೂರು ವಾರ ಬರಬೇಕು, ಹೇಗೆ ಬಳಸ್ತೀರಿ ಅಂತ ಕೇಳಿದರಂತೆ. ನಮ್ಮಾಕೆ ಕುಷ್ಟಗಿ ತಾಲೂಕಿನವಳು. ಬೇಸಿಗೆಯಲ್ಲಿ ನಸುಕಿಗೆ ಎದ್ದು ಕೊಡ ಸಾಲಿಗೆ ಇಟ್ಟು ಬೆಳೆದವಳು. "ಒಂದು ಬಕೀಟಿನ್ಯಾಗ ಮೊದ್ಲು ಮಾರಿ ತೊಳಿಯೂದು, ಅದ ನೀರಾಗ ಭಾಂಡಿ, ಅದ ನೀರು ಕಡೀಕ ಗಿಡಕ್ಕ" ಅಂದಳಂತೆ. ಸೊಸೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ದೋಣಿಯಲ್ಲಿ ಗಿಡ ಎಲ್ಲಿ ಅಂತ ಯಾರೂ ಕೇಳಲಿಲ್ಲವಂತೆ.

ಬ್ರೆಡ್ಡು ನಾಲ್ಕೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ ಅನ್ನೋ ಮಾತು ಬಂದಾಗ ಅವಳು ಚೀಲದಿಂದ ಖಡಕ್ ರೊಟ್ಟಿ ತೆಗೆದಳು. ಊರಿಂದ ಹೊರಡುವಾಗ ಕಟ್ಟಿಕೊಂಡಿದ್ದು. ಜೋಳದ ರೊಟ್ಟಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕೆಡೋದಿಲ್ಲ, ಫ್ರಿಜ್ ಬೇಡ, ಒಲೆಯೂ ಬೇಡ. ಮೇಲೆ ಶೇಂಗಾ ಚಟ್ನಿಪುಡಿ. ಇಡೀ ಕ್ಲಾಸು ಕರುಂ ಕುರುಂ ಅಂತ ತಿಂದಿತಂತೆ. ಒಬ್ಬರು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಕ್ಕೆ ಇವಳು "ಕುಷ್ಟಗಿ" ಅಂದಳಂತೆ, ಪಕ್ಕದ ಓಣಿ ಅನ್ನೋ ಹಾಗೆ.

ಸಮುದ್ರದ ನೀರನ್ನು ಸಿಹಿ ಮಾಡುವ ಮಷಿನ್ನೂ ಇತ್ತು. ನೋಡಿದರೆ ನಮ್ಮ ಆರ್‌ಒ. ಫ್ಲೋರೈಡ್ ಕಾಟಕ್ಕೆ ನಮ್ಮ ಕಡೆ ಊರೂರಿಗೆ ಹಾಕಿದ್ದಾರಲ್ಲ, ಅದೇ ಪೊರೆ, ಒತ್ತಡ ಮಾತ್ರ ಬಹಳ ಜಾಸ್ತಿ. ಕ್ಲೋರಿನ್ ಇರುವ ನಲ್ಲಿ ನೀರಿನಿಂದ ತೊಳೆದರೆ ಆ ಪೊರೆ ಹಾಳಾಗುತ್ತದೆ ಅಂತ ಅಲ್ಲೇ ಕೇಳಿದ್ದು.

ಭಾನುವಾರ ಮಗ ನಮ್ಮನ್ನು ಅವನ ದೋಣಿಯಲ್ಲಿ ಕೊಲ್ಲಿಗೆ ಕರೆದುಕೊಂಡು ಹೋದ. ಮೊದಲು ಇಂಪೆಲ್ಲರ್ ಬಿಚ್ಚಿ ನೋಡಿದೆ, ಆರರಲ್ಲಿ ಎರಡು ರೆಕ್ಕೆ ಇರಲಿಲ್ಲ. ಹೊಸದು ಹಾಕಿದರೆ ಕೆಲಸ ಮುಗಿಯಲಿಲ್ಲ, ಮುರಿದ ಚೂರು ಸಿಗಲೇಬೇಕು. ಒಂದು ಪೈಪಿನ ತಿರುವಿನಲ್ಲಿತ್ತು. ಇನ್ನೊಂದು ಎಕ್ಸ್‌ಚೇಂಜರಿನ ಮುಚ್ಚಳ ತೆಗೆದಾಗ ಸಿಕ್ಕಿತು, ಹುಣಸೆ ಬೀಜದಷ್ಟು, ಕೊಳವೆಯ ಬಾಯಿಗೆ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ತೆಗೆದೆ. ಮಗ ಅದನ್ನು ಇಸಿದುಕೊಂಡು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದ.

ಹಾಯಿ ಬಿಚ್ಚಿ, ಇಂಜಿನ್ ನಿಲ್ಲಿಸಿದ ಮೇಲೆ ಬಂದ ಆ ನಿಶ್ಶಬ್ದ ಇದೆಯಲ್ಲ, ಅದನ್ನು ಹೇಗೆ ಬರೆಯಲಿ. ನಲವತ್ತು ವರ್ಷ ಡಗ್ ಡಗ್ ಕೇಳಿದ ಕಿವಿ ನನ್ನದು. ವಾಪಸ್ ಬರುವಾಗ ಗಾಳಿ ಎದುರಾಗಿ ಮತ್ತೆ ಇಂಜಿನ್ ಹಾಕಿದ. ಗ್ಲ್ಯಾಂಡಿನ ಹನಿ ಎಷ್ಟು ಬೀಳುತ್ತದೆ ನೋಡೋಣ ಅಂತ ಟಾರ್ಚ್ ಹಿಡಿದು ಕೆಳಗೆ ಇಳಿದೆ. ಡೀಸೆಲ್ ವಾಸನೆ, ದೋಣಿಯ ತೂಗಾಟ, ಬಗ್ಗಿದ ತಲೆ. ಐದು ನಿಮಿಷಕ್ಕೆ ಬಕೆಟ್ ಬೇಕಾಯಿತು. ಡೀಸೆಲ್ ವಾಸನೆಯಲ್ಲೇ ಬುತ್ತಿ ಉಂಡವನಿಗೆ ಡೀಸೆಲ್ ವಾಸನೆಗೇ ವಾಂತಿ!

"ಮಾವಾರ, ತೂಗಾಟ ಇದ್ದಾಗ ಕೆಳಗ ಇಳೀಬಾರದು, ದೂರದ ಗೆರಿ ನೋಡ್ಕೋತ ಕುಂದರಬೇಕು ಅಂತ ಕ್ಲಾಸಿನ್ಯಾಗ ಹೇಳಿದ್ರಲ್ರೀ" ಅಂದಳು ಸೊಸೆ. ನಮ್ಮಾಕೆ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಅವಳಿಗೆ ಏನೂ ಆಗಲಿಲ್ಲ.

ಊರಿಗೆ ಬಂದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಒಂದು ಬೆಳಿಗ್ಗೆ ಆನೆಗೊಂದಿ ದಾಟಿ ಸಾಣಾಪುರದ ಕೆರೆಗೆ ಹೋದೆ, ಹಳೇ ನೇಗಿಲ ಕುಳ ಒಂದಕ್ಕೆ ರಾಡು ಬೆಸೆದುಕೊಂಡು. ಪರಿಚಯದ ಹರಿಗೋಲಿನವರು ನಕ್ಕರು. "ನಮಗ್ಯಾಕ್ರೀ ಲಂಗರು, ಬಂಡಿಗಲ್ಲಿಗೆ ಹಗ್ಗ ಕಟ್ತೀವಿ." ಐನೂರು ವರ್ಷದ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಅಷ್ಟೇ ವ್ಯತ್ಯಾಸ. ಹಗ್ಗ ಎರಡು ಪಟ್ಟು ಬಿಟ್ಟು ಎಳೆದೆವು, ಕುಳ ಜಾರಿಕೊಂಡು ಬಂತು. ಏಳು ಪಟ್ಟು ಬಿಟ್ಟು ಎಳೆದೆವು, ಹರಿಗೋಲು ಗಕ್ಕನೆ ನಿಂತಿತು. ಅವರು ಹುಟ್ಟು ಹಾಕಿ ಹಾಕಿ ಬೆವತರು. "ಹಿಡೀತ್ರೀ ಇದು" ಅಂದರು. ಎರಡು ಪಟ್ಟಿನಲ್ಲಿ ಜಾರಿದ ವಿಡಿಯೋವನ್ನೂ ಮಗನಿಗೆ ಕಳಿಸಿದೆ.

ಕ್ಲಾಸಿನಲ್ಲಿ ಇನ್ನೊಂದು ಹೇಳಿದ್ದರು. ದೋಣಿಯ ತಳದಲ್ಲಿ ನೀರು ಒಳಗೆ ಹೊರಗೆ ಹೋಗಲು ಎಷ್ಟು ತೂತು ಇವೆಯೋ ಅಷ್ಟಕ್ಕೂ ಪಕ್ಕದಲ್ಲಿ ಒಂದೊಂದು ಮರದ ಬಿರಡೆ ಕಟ್ಟಿರಬೇಕು. ವಾಲ್ವ್ ಮುರಿದರೆ ಬಿರಡೆ ಬಡಿದು ಕೂರಿಸೋದು. ಮೆತ್ತನೆ ಮರವೇ ಆಗಬೇಕು, ನೀರು ಕುಡಿದು ಉಬ್ಬಿ ತೂತು ಬಿಗಿಯುತ್ತದೆ. ಮಗನ ದೋಣಿಯಲ್ಲಿ ಎಣಿಸಿದ್ದೆ, ಏಳು ತೂತು. ಬಿರಡೆ ಒಂದೂ ಇರಲಿಲ್ಲ.

ಹೋದ ವಾರ ಕೊಪ್ಪಳದ ಕೆಲಸಕ್ಕೆ ಹೋದವನು ಕಿನ್ನಾಳಕ್ಕೂ ಹೋದೆ. ಗೊಂಬೆ ಮಾಡುವ ಹಿರಿಯರೊಬ್ಬರಿಗೆ ಅಳತೆ ಕೊಟ್ಟೆ. ಹಗುರ ಮರ ಅವರ ಮನೆಯಲ್ಲೇ ಇತ್ತು. ಒಂದು ಕಡೆ ಹೆಬ್ಬೆರಳಿನಷ್ಟು, ಇನ್ನೊಂದು ಕಡೆ ಮುಷ್ಟಿಯಷ್ಟು, ಮೂಲಂಗಿಯ ಆಕಾರ. ಕೂತಲ್ಲೇ ಕೆತ್ತಿ ಕೊಟ್ಟರು. ಯಾತಕ್ಕೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಬಿರಡೆಯನ್ನೇ ತಿರುಗಿಸಿ ನೋಡಿದರು.

"ಬಣ್ಣ ಬ್ಯಾಡೇನ್ರಿ?"

"ಬಣ್ಣ ಹಚ್ಚಿದ್ರ ನೀರು ಕುಡಿಯಂಗಿಲ್ರಿ."

"ಹಿಡಿ ಕಡೆ ಅಷ್ಟರ ಹಚ್ತೀನಿ ತಡೀರಿ. ಕತ್ತಲ್ಯಾಗ ಸಮುದ್ರದಾಗ ಹುಡುಕಬೇಕು ಅಂದ್ರ ಕಣ್ಣಿಗೆ ಕಾಣಬೇಕಲ್ಲ."

ಈಗ ಏಳು ಬಿರಡೆ, ದಪ್ಪನೆ ಕಡೆ ಕೆಂಪು ಹಳದಿ, ನನ್ನ ಅಂಗಡಿಯ ಕಪಾಟಿನಲ್ಲಿವೆ. ಒಂದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿ, ಬೆಳಿಗ್ಗೆ ಸ್ಕೇಲ್ ಹಿಡಿದು ನೋಡಿದೆ. ಉಬ್ಬಿದೆ. ಪಾರ್ಸೆಲ್ಲಿನಲ್ಲಿ ಗ್ಲ್ಯಾಂಡ್ ದಾರವೂ ಎರಡು ಮೀಟರ್ ಇಟ್ಟಿದ್ದೇನೆ. ನಮ್ಮಾಕೆ ಐವತ್ತು ರೊಟ್ಟಿ ಒಣಗಲು ಹಾಕಿದ್ದಾಳೆ, ನಾಳೆ ಡಬ್ಬ ಮುಚ್ಚಬೇಕು.